ಮರೆಪ್ಪ ಮಾಸ್ತರರ ಮೂಲೆಮಟ್ಟ

ಮರೆಪ್ಪ ಮಾಸ್ತರರ ಜೇಬಿನಲ್ಲಿ ಪೆನ್ನು ಎಂದೂ ಇರುತ್ತಿರಲಿಲ್ಲ. ಬೇಕಾದಾಗ ನಮ್ಮ ಹತ್ತಿರ ಇಸಿದುಕೊಂಡು ತಿರುಗಿ ಕೊಡುವುದನ್ನು ಮರೆಯುತ್ತಿದ್ದರು. ಪೆನ್ನಿನ ಜಾಗದಲ್ಲಿ ಇರುತ್ತಿದ್ದುದು ಅಂಗೈಯಷ್ಟಗಲದ ಒಂದು ಉಕ್ಕಿನ ಮೂಲೆಮಟ್ಟ. ಎರಡು ಬದಿಗಳು ಸರಿಯಾದ ಮೂಲೆಯಲ್ಲಿ ಕೂಡಿವೆಯೋ ಇಲ್ಲವೋ ಎಂದು ಹಿಡಿದು ನೋಡುವ ಸಾಧನ ಅದು. ನಮ್ಮ ಪುಸ್ತಕದಲ್ಲಿ ಟ್ರೈ ಸ್ಕ್ವೇರ್ ಎಂದಿತ್ತು, ಮಾಸ್ತರರ ಬಾಯಲ್ಲಿ ಗುನ್ಯಾ. ಅದರ ಭಾರಕ್ಕೆ ಅವರ ಅಂಗಿಗಳೆಲ್ಲ ಎಡಗಡೆಗೆ ಜೋತುಬಿದ್ದಿರುತ್ತಿದ್ದವು.

ಅದನ್ನು ಯಾವುದಕ್ಕೆ ಹಿಡಿಯಬೇಕು, ಯಾವುದಕ್ಕೆ ಬಿಡಬೇಕು ಎಂಬ ವಿವೇಚನೆ ಅವರಿಗಿರಲಿಲ್ಲ. ಶಹಾಪುರದ ಬಸ್ಸಿನ ಕಿಟಕಿಗೆ ಹಿಡಿಯುತ್ತಿದ್ದರು, ಚಹಾದಂಗಡಿಯ ಬೆಂಚಿಗೆ ಹಿಡಿಯುತ್ತಿದ್ದರು. ಒಮ್ಮೆ ಮದುವೆಯೊಂದರಲ್ಲಿ ಊಟದ ಮೇಜಿಗೆ ಹಿಡಿದು ಬೀಗರ ಮುಂದೆ ಹೆಂಡತಿಯಿಂದ ಬೈಸಿಕೊಂಡರಂತೆ. ಒಂದು ಕಣ್ಣು ಮುಚ್ಚಿ, ಮೂಲೆಮಟ್ಟದ ಅಂಚಿಗೂ ವಸ್ತುವಿಗೂ ನಡುವೆ ಬೆಳಕು ತೂರಿ ಬರುತ್ತದೆಯೋ ಎಂದು ನೋಡಿ, ಡಾಕ್ಟರ ಗಾಂಭೀರ್ಯದಲ್ಲಿ ಹೇಳುತ್ತಿದ್ದರು: "ಬೆಳಕ ಹಾಯಾಕತ್ತದ."

ಈ ಮಾತು ಕೇಳಿ ನಾವು ಹನ್ನೆರಡು ಜನ ಎರಡು ವರ್ಷ ನಡುಗಿದ್ದೇವೆ.

ನಾನು ದೋರನಹಳ್ಳಿಯವಳು, ಹೆಸರು ಸಾಬಮ್ಮ. ಶಹಾಪುರದ ಹೊರಗಿನ ಒಂದು ಸಣ್ಣ ತರಬೇತಿ ಕೇಂದ್ರದಲ್ಲಿ ಫಿಟ್ಟರ್ ಕೆಲಸ ಕಲಿಯಲು ಸೇರಿದಾಗ ನಮ್ಮ ತಂಡದಲ್ಲಿ ಹನ್ನೊಂದು ಹುಡುಗರು, ನಾನೊಬ್ಬಳೇ ಹುಡುಗಿ. ಮೊದಲ ದಿನ ನಾನು ಕಬ್ಬಿಣ ಸವೆಸುವ ಅರವನ್ನು ಪಾತ್ರೆ ತಿಕ್ಕುವ ಹಾಗೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದೆ. ಹುಡುಗರು ಮುಸಿಮುಸಿ ನಗುತ್ತಿದ್ದರು. ಮಾಸ್ತರರು ಬಂದು ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ತಿಕ್ಕಬ್ಯಾಡ, ನಡಸು. ಅರ ಮುಂದ ಹೋಗೋವಾಗ ಕಡಿತದ, ಹಿಂದ ಬರೋವಾಗ ಕಡಿಯಂಗಿಲ್ಲ. ಬರೋವಾಗ ಭಾರ ಬಿಡು." ಆಮೇಲೆ ಹುಡುಗರ ಕಡೆ ತಿರುಗಿ, "ನೀವೇನ ನಗತೀರಿ? ನಿಮ್ಮ ತುಂಡ ತರ್ರಿ ಇಲ್ಲೆ" ಎಂದು ಹನ್ನೊಂದು ತುಂಡುಗಳನ್ನೂ ಕಿಟಕಿಗೆ ಹಿಡಿದರು. ಹನ್ನೊಂದರಲ್ಲೂ ಬೆಳಕು ಹಾಯಿತು. ಅಂದಿನಿಂದ ನನ್ನನ್ನು ನೋಡಿ ಯಾರೂ ನಗಲಿಲ್ಲ. ಕನಿಷ್ಠ ಎದುರಿಗೆ ನಗಲಿಲ್ಲ.

ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರೂ ಮೊದಲು ಅರೆದು ಆರೂ ಮುಖ ಸರಿಮಾಡಿದ ಕಬ್ಬಿಣದ ತುಂಡಿನ ಬೆನ್ನಿಗೆ ಅವರ ರೋಲ್ ನಂಬರು ಕೊರೆಸಿ, ಕಲಿತು ಹೋಗುವಾಗ ಮಾಸ್ತರರು ಅದನ್ನು ಅವರ ಕೈಗೇ ಕೊಡುತ್ತಿದ್ದರು. ಇದು ಸರ್ಕಾರದ ನಿಯಮವಲ್ಲ, ಮಾಸ್ತರರ ನಿಯಮ. ಹೀಗಾಗಿ ಸುರಪುರ, ಶಹಾಪುರ, ಯಾದಗಿರಿಯ ಎಷ್ಟೋ ಮನೆಗಳಲ್ಲಿ, ಗ್ಯಾರೇಜುಗಳಲ್ಲಿ ಅಂಥ ಒಂದೊಂದು ತುಂಡು ಬಿದ್ದಿರುತ್ತಿತ್ತು.

ಮಾಸ್ತರರು ಕಾಯಂ ನೌಕರರಲ್ಲ. ವರ್ಷ ವರ್ಷ ಆದೇಶ ಬಂದರೆ ಪಾಠ, ಬಾರದಿದ್ದರೆ ತಮ್ಮ ಊರು ಬಳಿಚಕ್ರದ ಮನೆ. ಆದರೂ ಸರ್ಕಾರದ ಯೋಜನೆಗಳನ್ನು ಅವರಷ್ಟು ಮನಸ್ಸಿಗೆ ಹಚ್ಚಿಕೊಂಡವರನ್ನು ನಾನು ಕಂಡಿಲ್ಲ. ಮುಂದಿನ ವರ್ಷ ಜಿಲ್ಲೆಗೆ ಎಷ್ಟು ಫಿಟ್ಟರ್ ಬೇಕು, ಎಷ್ಟು ವೆಲ್ಡರ್ ಬೇಕು ಎಂಬ ಫಾರಂ ಬಂದರೆ, ಉಳಿದವರು ಹೋದ ವರ್ಷದ್ದನ್ನೇ ನಕಲು ಮಾಡಿ ಕಳಿಸುತ್ತಿದ್ದರು. ಇವರು ರವಿವಾರವೆಲ್ಲ ಬಸ್ಸು ಹತ್ತಿ ಮೂರೂ ಊರಿನ ಗ್ಯಾರೇಜು, ಹತ್ತಿ ಮಿಲ್ಲು, ಅಕ್ಕಿ ಗಿರಣಿ ಸುತ್ತಿ, "ನಿಮಗ ಖರೇನ ಮಂದಿ ಬೇಕೇನು? ತಗೊಂಡ್ರ ಕಲಿಸ್ತೀರೋ, ಚಹಾ ತರಸ್ತೀರೋ?" ಎಂದು ಕೇಳಿ ಬರೆದುಕೊಂಡು ಬರುತ್ತಿದ್ದರು.

ಒಮ್ಮೆ ಯಾದಗಿರಿಯಲ್ಲಿ ಇದರ ಸಭೆ ಇತ್ತು. ವಿದ್ಯಾರ್ಥಿಗಳ ಪರವಾಗಿ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮುಂದಿನ ವರ್ಷದ ಅಂಕಿಗಳ ಒಂದು ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. ಚಹಾ ಬಂದು ಎಲ್ಲರೂ ಏಳುವ ಹೊತ್ತಿಗೆ ಮಾಸ್ತರರು ಹಾಳೆಯ ಹತ್ತಿರ ಹೋಗಿ, ಜೇಬಿನಿಂದ ಮೂಲೆಮಟ್ಟ ತೆಗೆದು ಅದರ ಮೂಲೆಗೆ ಹಿಡಿದರು.

"ಹಾಳಿ ಮೂಲಿ ಸರಿ ಅದರಿ ಸಾಹೇಬ್ರ" ಎಂದರು. "ಒಳಗಿನ ನಂಬರ್ ಯಾರು ಹಿಡದ ನೋಡ್ಯಾರ್ರಿ?"

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಸಭೆ ನಡೆಸುತ್ತಿದ್ದ ಸಾಹೇಬರು ಒಳ್ಳೆಯವರು, ನಕ್ಕರು. ಮಾಸ್ತರರು ಬರೆದು ತಂದಿದ್ದ ಪಟ್ಟಿಯನ್ನು ಇಸಿದುಕೊಂಡರು ಕೂಡ. ಆ ಪಟ್ಟಿಯ ಪುಣ್ಯವೋ ಏನೋ, ನಮ್ಮ ಎರಡನೆಯ ವರ್ಷ ಒಂದು ಯೋಜನೆ ಬಂತು. ಜಿಲ್ಲೆಯ ಒಂದು ಕಾರ್ಖಾನೆ ನಮ್ಮನ್ನು ಒಂದು ವರ್ಷ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಬೇಕು, ನಮ್ಮ ಭತ್ಯೆಯ ಒಂದು ಪಾಲನ್ನು ಸರ್ಕಾರ ಕೊಡಬೇಕು. ಷರತ್ತು ಒಂದೇ. ಒಂದು ತಂಡ ಎಂದರೆ ಹನ್ನೆರಡು ಜನ. ಪರೀಕ್ಷೆಯ ದಿನ ಹನ್ನೆರಡಕ್ಕೆ ಒಬ್ಬರು ಕಡಿಮೆಯಾದರೂ ತಂಡವಿಲ್ಲ. ಅನುದಾನ ಬೇರೆ ಜಿಲ್ಲೆಗೆ ಹೋಗುತ್ತದೆ, ನಮ್ಮ ಕೇಂದ್ರದ ಫಿಟ್ಟರ್ ವಿಭಾಗಕ್ಕೂ ಬೀಗ.

"ಬಾಳಿಹಣ್ಣ ತಗೊಂಡಂಗ ಡಜನ್ ಕೇಳ್ಯಾರ" ಎಂದು ಮಾಸ್ತರರು ಗೊಣಗಿದರು. ನಾವಿದ್ದದ್ದೂ ಸರಿಯಾಗಿ ಹನ್ನೆರಡು. ಒಬ್ಬರಿಗೆ ಜ್ವರ ಬಂದರೂ ಮುಗಿಯಿತು. ಅಲ್ಲಿಂದ ಮುಂದೆ ಯಾರಾದರೂ ಸೀನಿದರೂ ಮಾಸ್ತರರು ತಿರುಗಿ ನೋಡುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಾರ್ಯಾಗಾರದ ಮೂಲೆಮಟ್ಟಗಳು ಸವೆದು, ರಿವೆಟ್ ಸಡಿಲಾಗಿ ಅಲ್ಲಾಡುತ್ತಿದ್ದವು. ಹೊಸದಕ್ಕೆ ಬರೆದ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಹೀಗಾಗಿ ನಮ್ಮ ಕೆಲಸಕ್ಕೆಲ್ಲ ಕೊನೆಯ ತೀರ್ಪು ಮಾಸ್ತರರ ಗುನ್ಯಾದ್ದೇ. ಅದು ಅವರು ಸೊಲ್ಲಾಪುರದಲ್ಲಿ ಅಪ್ರೆಂಟಿಸ್ ಆಗಿದ್ದಾಗ ಅವರ ಉಸ್ತಾದರು ಕೊಟ್ಟದ್ದು. ದೀಪಾವಳಿಗೆ ಮುಂಚಿನ ಒಂದು ಶನಿವಾರ ಅದನ್ನು ನನ್ನ ಕೈಗೆ ಕೊಟ್ಟು, "ನೋಡ್ಕೋತ ಇರು, ಬಂದೆ" ಎಂದು ಫೋನಿನಲ್ಲಿ ಯಾರ ಜೊತೆಗೋ ಜಗಳಾಡುತ್ತ ಹೊರಗೆ ಹೋದರು. ನನ್ನ ಕೈಗೆ ಎಣ್ಣೆ ಹತ್ತಿತ್ತು. ಮೂಲೆಮಟ್ಟ ಜಾರಿ ಶಹಾಬಾದಿ ಫರ್ಸಿಯ ಕಲ್ಲುನೆಲದ ಮೇಲೆ ಬಿತ್ತು. ಹನ್ನೊಂದು ಅರಗಳ ಸದ್ದಿನಲ್ಲಿ ಅದು ಬಿದ್ದದ್ದು ಯಾರಿಗೂ ಕೇಳಲಿಲ್ಲ. ಎತ್ತಿ ದುಪಟ್ಟಾದಿಂದ ಒರೆಸಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಮಾಸ್ತರರು ಬಂದರು, ಇಸಿದುಕೊಂಡರು, ಜೇಬಿಗೆ ಹಾಕಿಕೊಂಡರು. ನಾನು ಸುಮ್ಮನಿದ್ದೆ.

ಸುಮ್ಮನಿರುವುದು ಮೊದಲ ದಿನ ಕಷ್ಟ, ಆಮೇಲೆ ಸಲೀಸು. ಉಗಾದಿಯೂ ಕಳೆಯಿತು. ಪರೀಕ್ಷೆಗೆ ತೋರಿಸಬೇಕಾದ ಕೊನೆಯ ಜಾಬ್, ಮೆಟ್ಟಿಲಿನ ಆಕಾರದ ಒಂದು ಕಬ್ಬಿಣದ ತುಂಡು, ಹನ್ನೆರಡೂ ತಯಾರಾದವು. ಮಾಸ್ತರರ ಗುನ್ಯಾಕ್ಕೆ ಯಾವುದರಲ್ಲೂ ಬೆಳಕು ಹಾಯಲಿಲ್ಲ. ಗುರುವಾರ ಪರೀಕ್ಷೆ.

ಸೋಮವಾರ ಪುಸ್ತಕ ತಿರುವುವಾಗ ಮೂಲೆಮಟ್ಟವನ್ನೇ ಪರೀಕ್ಷಿಸುವ ವಿಧಾನ ಕಣ್ಣಿಗೆ ಬಿತ್ತು. ತಗಡಿನ ನೇರ ಅಂಚಿಗೆ ಅದನ್ನು ಒತ್ತಿ ಒಂದು ಗೆರೆ ಎಳೆಯುವುದು. ಮಗುಚಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಅದು ಸರಿ. ಮಾಸ್ತರರು ಊಟಕ್ಕೆ ಕೂತಾಗ ಅಂಗಿಯನ್ನು ಕಳಚಿ ಗೂಟಕ್ಕೆ ಹಾಕಿದ್ದರು. ಆ ಜೇಬಿಗೆ ಕೈ ಹಾಕಿದೆ, ಕಳ್ಳಿಯಂತೆ. ಗೆರೆ ಎಳೆದೆ. ಬುಡದಲ್ಲಿ ಕೂಡಿದ್ದ ಎರಡು ಗೆರೆಗಳು ತುದಿಯಲ್ಲಿ ಒಂದು ಕೂದಲಿನಷ್ಟು ಬೇರೆಯಾಗಿದ್ದವು.

ಒಬ್ಬಳ ಜಾಬ್ ಕೆಟ್ಟಿದ್ದರೆ ಒಬ್ಬಳದು. ಇದು ಹನ್ನೆರಡೂ ಜನರದು.

"ಸರ, ಒಂದ ಮಾತ ಹೇಳೋದದರಿ."

"ಹೇಳು" ಎಂದರು, ರೊಟ್ಟಿ ಮುರಿಯುತ್ತ.

"ಗುನ್ಯಾ ಸುಳ್ಳ ಹೇಳಾಕತ್ತದರಿ."

ಅವರು ನಕ್ಕರು. "ನೀ ಹೇಳಬಹುದು, ನಾ ಹೇಳಬಹುದು. ಅದು ಹೇಳಂಗಿಲ್ಲ."

ನಾನು ತಗಡು ಮುಂದಿಟ್ಟೆ. ನಗು ನಿಂತಿತು. ಕೈ ತೊಳೆದು ಬಂದವರು ನನ್ನ ಗೆರೆಗಳನ್ನು ನಂಬದೆ ಹೊಸ ತಗಡಿನ ಮೇಲೆ ತಾವೇ ಎಳೆದರು. ಇನ್ನೊಂದು ಸಲ ಎಳೆದರು. ಮೂರನೆಯ ಸಲವೂ ಎಳೆದರು.

"ಯಾವಾಗ ಬಿತ್ತು?"

"ದೀಪಾಳಿಗಿ ಮೊದಲರಿ."

"ಯಾರ ಕೈಯಾಗ?"

"ನನ್ನ ಕೈಯಾಗರಿ."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಗುನ್ಯಾವನ್ನು ತಗಡಿನ ಪಕ್ಕ ಇಟ್ಟರು.

"ಬಿದ್ದದ್ದು ತಪ್ಪಲ್ಲ. ಕಬ್ಬಿಣ ಬೀಳ್ತದ. ಇಷ್ಟ ದಿನ ಬಾಯಿ ಮುಚಗೊಂಡ ಕುಂತಿ ನೋಡು, ಅದು ತಪ್ಪು." ಗುನ್ಯಾದ ಕಡೆ ಬೆರಳು ತೋರಿಸಿ, "ನಂದೂ ಅದ. ವಾರಕ್ಕೊಮ್ಮಿ ನಿಮ್ಮ ಸಾಮಾನೆಲ್ಲ ತಪಾಸ ಮಾಡ್ತೀನಿ. ನಂದ ಒಮ್ಮಿನೂ ಮಾಡ್ಲಿಲ್ಲ. ಉಸ್ತಾದ ಕೊಟ್ಟಾನಂತ ನಂಬಿಬಿಟ್ಟೆ" ಎಂದರು.

ಹುಡುಗರನ್ನು ಕರೆದು, "ನನ್ನ ಗುನ್ಯಾ ಕೆಟ್ಟದ. ಹನ್ನೆರಡೂ ಜಾಬ್ ಮತ್ತ ಮಾಡಬೇಕು" ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ಆದರೆ ಯಾವುದರಿಂದ ಮಾಡುವುದು? ಕೆಟ್ಟ ಜಾಬುಗಳನ್ನೇ ಮತ್ತೆ ಅರೆದರೆ ಅಳತೆ ಕಡಿಮೆಯಾಗುತ್ತಿತ್ತು. ನಮ್ಮ ನಂಬರಿನ ಮೊದಲ ತುಂಡುಗಳಿಂದಲೇ ಆ ಜಾಬುಗಳನ್ನು ಮಾಡಿದ್ದೆವು. ಹೊಸ ಉಕ್ಕಿಗೆ ಮಂಜೂರಾತಿ ಬಂದಿತ್ತು, ಉಕ್ಕು ಬಂದಿರಲಿಲ್ಲ. ಅಂಗಡಿಯಿಂದ ಉಕ್ಕಿನ ಪಟ್ಟಿ ತಂದು ಕೊಯ್ದು ಒರಟು ತೆಗೆಯಬೇಕೆಂದರೆ ಕೇಂದ್ರದ ಯಂತ್ರದ ಮೋಟರು ಸುಟ್ಟು ಕೂತಿತ್ತು. ಕೈಯಿಂದಲೇ ಮಾಡಿದರೆ ನಾಲ್ಕು ದಿನ ಬೇಕು. ನಮ್ಮ ಹತ್ತಿರ ಎರಡೇ ಇದ್ದವು.

ಮಂಗಳವಾರ ಬೆಳಿಗ್ಗೆ ಮಾಸ್ತರರು ಒಂದು ಗೋಣಿಚೀಲ ನನ್ನ ಕೈಗೆ ಕೊಟ್ಟರು. "ನಡಿ. ಹಳಿ ಹುಡುಗರ ತುಂಡ ಬೇಡಿ ತರೂಣು. ಎಲ್ಲಾ ಮುಖ ಮೊದಲೇ ಸರಿ ಅದಾವು, ಅರ್ಧ ಕೆಲಸ ಆದಂಗ."

"ಹುಡುಗರನ್ನ ಕಳಸ್ರಿ ಸರ, ಚೀಲ ವಜ್ಜ ಆಗ್ತದ."

"ನೀನ ಹೊರಬೇಕು" ಎಂದರು.

ಅವತ್ತು ಮೂರೂ ಊರು ಸುತ್ತಿದೆವು. ಶಹಾಪುರದ ಒಂದು ಗ್ಯಾರೇಜಿನಲ್ಲಿ ಆ ತುಂಡಿನ ಮೇಲೆ ಮೊಳೆ ಬಡಿಯುತ್ತಿದ್ದರು. ಯಾದಗಿರಿ ಸ್ಟೇಷನ್ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಅದು ರಸೀದಿಗಳ ಮೇಲೆ ಕೂತಿತ್ತು. ಎಲ್ಲರೂ ಕೊಟ್ಟರು. ಒಬ್ಬ ಮಾತ್ರ, "ತಿರುಗಿ ಕೊಡ್ತೀರಿಲ್ರಿ ಸರ?" ಎಂದು ಕೇಳಿದ. ಮಾಸ್ತರರು ಸುಳ್ಳು ಹೇಳಿದ್ದರೆ ಆಗುತ್ತಿತ್ತು. "ಇಲ್ಲಪಾ, ಸವದ ಹೋಗ್ತದ. ನಂಬರಷ್ಟ ಉಳಿತದ" ಎಂದರು. ಆ ವೆಲ್ಡಿಂಗ್ ಅಂಗಡಿಯಿಂದ ಒಂದು ಮೂಲೆಮಟ್ಟವನ್ನೂ ಎರವಲು ತಂದೆವು. ಶಿಷ್ಯನದೆಂದು ಬಿಡದೆ, ಮಾಸ್ತರರು ಅಲ್ಲೇ ಒಂದು ತಗಡಿನ ಮೇಲೆ ಎರಡು ಗೆರೆ ಎಳೆದು ನೋಡಿಯೇ ಇಸಿದುಕೊಂಡರು.

ಸುರಪುರದ ಒಂದು ಮನೆಯಲ್ಲಿ ಹುಡುಗ ಕೆಲಸಕ್ಕೆ ಹೋಗಿದ್ದ. ಅವನ ತಾಯಿ ಒಳಗೆ ಕರೆದಳು. ತುಂಡು ಗೋಡೆಯೊಳಗಿನ ದೇವರ ಮಾಡದಲ್ಲಿತ್ತು, ಕುಂಕುಮ ಹಚ್ಚಿಸಿಕೊಂಡು, ಫೋಟೋಗಳ ನಡುವೆ. ಮಾಸ್ತರರು ಕೇಳಲಾರದೆ ನೀರು ಕುಡಿದು ಏಳುವವರಿದ್ದರು. ಆಕೆಯೇ ಕೇಳಿದಳು: "ಏನ ಬೇಕಾಗಿತ್ರಿ ಮಾಸ್ತರ್ರ? ಸುಮ್ಮನ ಬರೋರಲ್ಲ ನೀವು."

ಮಾಸ್ತರರು ಹೇಳಿದರು. ಆಕೆ ಒಂದು ಗಳಿಗೆ ಮಾಡದ ಕಡೆ ನೋಡಿ, ತುಂಡನ್ನು ತೆಗೆದು ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು. "ನಮ್ಮ ಮನಿಗಿ ಅನ್ನ ತಂದದ್ದು ಇದು. ನಿನ್ನ ಮನಿಗೂ ತರ್ಲಿ, ಯವ್ವಾ."

ತುಂಡನ್ನು ಚೀಲಕ್ಕೆ ಹಾಕಿಕೊಂಡೆ. ನನ್ನಿಂದಾಗಿ ಆ ಮನೆಯ ದೇವರ ಮಾಡ ಬರಿದಾಯಿತು ಎಂದು ಆಕೆಗೆ ಗೊತ್ತಿರಲಿಲ್ಲ. ಸಂಜೆಗೆ ಚೀಲದಲ್ಲಿ ಹನ್ನೆರಡು ತುಂಡುಗಳಾದವು. ಹೆಗಲು ಕೆಂಪಾಗಿ ಬಾತಿತ್ತು.

ಬುಧವಾರ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅರಗಳು ನಿಲ್ಲಲಿಲ್ಲ. ಬೆನ್ನಿನ ನಂಬರನ್ನು ಮಾತ್ರ ಮುಟ್ಟಬಾರದೆಂದು ಮಾಸ್ತರರು ತಾಕೀತು ಮಾಡಿದ್ದರು. "ಅಳಿಸಿಬಿಡೂಣ್ರಿ ಸರ, ಸುಮ್ಮನ ಯಾಕ ಫಜೀತಿ?" ಎಂದು ಒಬ್ಬ ಹುಡುಗ ಹೇಳಿದ. "ಅವರ ಹೆಸರ ಅಳಿಸಿ ನಮ್ಮದ ಬರಕೊಂಡ್ರ ಕಳ್ಳತನ ಅಂತಾರ ಅದಕ್ಕ" ಎಂದರು ಮಾಸ್ತರರು. ನನ್ನ ಅಂಗೈಯ ಬೊಬ್ಬೆಗಳು ಒಡೆದು ಅರದ ಹಿಡಿ ಜಾರುತ್ತಿತ್ತು. ಬಟ್ಟೆ ಸುತ್ತಿಕೊಂಡೆ. ನನ್ನ ಪಾಲಿಗೆ ಬಂದದ್ದು ಸುರಪುರದ ಆ ತಾಯಿ ಕೊಟ್ಟ ತುಂಡು.

ಗುರುವಾರ ಪರೀಕ್ಷಾಧಿಕಾರಿ ಬಂದರು, ಜೊತೆಗೆ ಕಾರ್ಖಾನೆಯ ಒಬ್ಬರು. ಅಧಿಕಾರಿ ಮರದ ಪೆಟ್ಟಿಗೆಯಿಂದ ಹೊಚ್ಚಹೊಸ ಮೂಲೆಮಟ್ಟ ತೆಗೆದರು. ಒಂದು, ಎರಡು, ಮೂರು. ಬೆಳಕಿಲ್ಲ. ಹನ್ನೊಂದರವರೆಗೂ ಬೆಳಕು ಹಾಯಲಿಲ್ಲ. ಕೊನೆಯದು ನನ್ನದು. ಹಿಡಿದರು, ತಲೆಯಾಡಿಸಿದರು, ಕೆಳಗಿಡುವಾಗ ಬೆನ್ನು ಮೇಲಾಯಿತು. ಕೊರೆದ ನಂಬರಿನ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು.

"ಇದೇನಮ್ಮ ಕೆಂಪಗೆ? ಈ ನಂಬರು ನಿನ್ನದಲ್ಲವಲ್ಲ" ಎಂದವರು ಉಳಿದ ಹನ್ನೊಂದನ್ನೂ ಒಂದೊಂದಾಗಿ ತಿರುಗಿಸಿದರು. ಮುಖ ಬಿಗಿಯಿತು. "ಹಳೆಯ ಹುಡುಗರ ಕೆಲಸ ತೋರಿಸಿ ಅನುದಾನ ತಗೋತಾ ಇದ್ದೀರೇನ್ರೀ ಮಾಸ್ತರೇ?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ ಸದ್ದು ನನಗೆ ಇನ್ನೂ ಕೇಳುತ್ತದೆ. ಮಾಸ್ತರರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಮೂಲೆಮಟ್ಟ ಬಿದ್ದದ್ದರಿಂದ ಹಿಡಿದು ಗೋಣಿಚೀಲದವರೆಗೆ. ಕೆಟ್ಟ ಹನ್ನೆರಡು ಜಾಬುಗಳನ್ನು ತಂದು ಮೇಜಿನ ಮೇಲೆ ಸುರಿದರು. ಅಧಿಕಾರಿ ಕೇಳಿದರು:

"ಯಾರ ಕೈಯಲ್ಲಿ ಬಿತ್ತು ಅದು?"

ನಾನು ಬಾಯಿ ತೆರೆದೆ. ತೆರೆದದ್ದು ಖರೆ.

"ಸಾಬಮ್ಮ, ಆ ಕಿಟಕಿ ತೆರಿ" ಎಂದರು ಮಾಸ್ತರರು, ನನ್ನ ಕಡೆ ನೋಡದೆ. "ಸಾಹೇಬ್ರಿಗಿ ಬೆಳಕ ಸಾಲವಲ್ದು."

ಕಾಲು ತಾನೇ ಕಿಟಕಿಯ ಕಡೆ ನಡೆಯಿತು. ಚಿಲಕ ತುಕ್ಕು ಹಿಡಿದಿತ್ತು. ಅದನ್ನು ಎಳೆಯುತ್ತಿರುವಾಗ ಬೆನ್ನ ಹಿಂದೆ ಅವರ ದನಿ ಕೇಳಿತು. "ನನ್ನ ಜೇಬಿನ ಸಾಮಾನರಿ ಸಾಹೇಬ್ರ. ನನ್ನ ಕೈಯಾಗ ಬಿತ್ತು." ಕಿಟಕಿ ತೆರೆದು, ತಿರುಗಿ ಬಂದು ನನ್ನ ಜಾಗದಲ್ಲಿ ನಿಂತೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಅಧಿಕಾರಿ ನಮ್ಮೆಲ್ಲರಿಗೂ ತಮ್ಮೆದುರಿಗೇ ಒಂದೊಂದು ಅಂಚು ಅರೆಯಲು ಹೇಳಿದರು. ಎರಡು ತಾಸು ಹಿಡಿಯಿತು. ನನ್ನ ಅಂಗೈಯ ಬಟ್ಟೆಯಲ್ಲಿ ರಕ್ತ ಒಸರಿತು, ಅಂಚಿನಲ್ಲಿ ಬೆಳಕು ಹಾಯಲಿಲ್ಲ. ಹನ್ನೆರಡೂ ಜನ ಪಾಸಾದೆವು. ಹುಡುಗರು ಹೊರಗೆ ಓಡಿಹೋಗಿ ಕೂಗಾಡಿದರು. ಒಳಗೆ ಅಧಿಕಾರಿ ಮಾಸ್ತರರಿಗೆ ಮೆತ್ತಗೆ ಹೇಳುತ್ತಿದ್ದರು: "ಮಕ್ಕಳ ಕೈ ಚೆನ್ನಾಗಿದೆ. ಆದರೆ ಬೋಧಕರು ಕೆಟ್ಟ ಸಾಧನದಿಂದ ಅಷ್ಟು ತಿಂಗಳು ಕಲಿಸಿದ್ದನ್ನು ಬರೆಯದೆ ಇರಲಾರೆ."

"ಬರೀರಿ" ಎಂದರು ಮಾಸ್ತರರು. ತಾವೇ ಚಹಾ ತಂದುಕೊಟ್ಟರು.

ನಮಗೆ ಅಪ್ರೆಂಟಿಸ್ ಆದೇಶ ಬಂತು. ಫಿಟ್ಟರ್ ವಿಭಾಗ ಉಳಿಯಿತು. ಮರೆಪ್ಪ ಮಾಸ್ತರರ ಮುಂದಿನ ವರ್ಷದ ಆದೇಶ ಬರಲಿಲ್ಲ.

ಕಾರ್ಖಾನೆಯ ವರ್ಷ ಮುಗಿಸಿ ನಾನು ಬಳಿಚಕ್ರಕ್ಕೆ ಹೋದೆ. ಮನೆಯ ಮುಂದೆ ಕೂತು ಯಾರದೋ ಔಷಧಿ ಹೊಡೆಯುವ ಪಂಪು ಬಿಚ್ಚಿದ್ದರು. ಜೇಬು ಜೋತುಬಿದ್ದಿರಲಿಲ್ಲ. ಬಾಗಿಲು ಬಡಿದುಕೊಳ್ಳದ ಹಾಗೆ ಒಂದು ಕಬ್ಬಿಣದ ತುಂಡನ್ನು ಒತ್ತರಿಸಿ ಇಟ್ಟಿದ್ದರು. ನೋಡಿದರೆ ನಾನು ಮಾಡಿದ್ದ ಕೆಟ್ಟ ಜಾಬ್.

"ಬಾಗಲಕ್ಕ ಗುನ್ಯಾ ಬೇಕಾಗಿಲ್ಲ" ಎಂದು ನಕ್ಕರು.

ನಾನು ಬಂದ ಕೆಲಸ ಹೇಳಿದೆ. "ಸರ, ನಾ ಇಲಾಖಾಕ್ಕ ಪತ್ರ ಬರೀತೀನ್ರಿ. ಬೀಳಿಸಿದಾಕಿ ನಾನಂತ."

ಅವರು ಪಂಪಿನಿಂದ ತಲೆ ಎತ್ತಲಿಲ್ಲ. "ಅವತ್ತ ನೀ ಹೇಳಿದ್ರ ನಿನ್ನ ತಗದ ಹಾಕ್ತಿದ್ರು, ಹನ್ನೊಂದ ಆಗ್ತಿತ್ತು. ಸರ್ಕಾರ ಹನ್ನೆರಡ ಕೇಳಿತ್ತು. ಈಗ ಹೇಳಿದ್ರ ನಿಂದೂ ಹೋಗ್ತದ, ನಂದೇನ ತಿರುಗಿ ಬರಂಗಿಲ್ಲ." ಆಮೇಲೆ ಒಳಗೆ ಹೋಗಿ ಮೂಲೆಮಟ್ಟ ತಂದು ನನ್ನ ಕೈಗೆ ಕೊಟ್ಟರು. "ಇಟಗೋ. ಕೆಲಸಕ್ಕ ಹಿಡಿಬ್ಯಾಡ."

"ಮತ್ತ ಯಾತಕ್ಕರಿ?"

"ನೀನ ಹುಡಕು" ಎಂದು ಪಂಪಿಗೆ ಕೈ ಹಾಕಿದರು. ಅದೇ ಕೊನೆಯ ಭೇಟಿ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಪತ್ರವನ್ನು ನಾನು ಬರೆಯಲಿಲ್ಲ. ಅವರು ಬೇಡವೆಂದದ್ದಕ್ಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಂಜಿಕೆಗೂ ಹೌದು ಎಂಬುದು ಗೊತ್ತಿದೆ. ಈಗ ಅದೇ ಕೇಂದ್ರದಲ್ಲಿ, ಅದೇ ಕಿಟಕಿಯ ಹತ್ತಿರ ನಾನೇ ಕಲಿಸುತ್ತೇನೆ, ವರ್ಷ ವರ್ಷದ ಆದೇಶದ ಮೇಲೆ. ಪ್ರತಿ ಹೊಸ ತಂಡದ ಮೊದಲ ದಿನ, ಅರ ಮುಟ್ಟಿಸುವುದಕ್ಕೂ ಮುಂಚೆ, ಮಾಸ್ತರರ ಮೂಲೆಮಟ್ಟದಿಂದ ತಗಡಿನ ಮೇಲೆ ಎರಡು ಗೆರೆ ಎಳೆದು ತೋರಿಸುತ್ತೇನೆ. ತುದಿಯಲ್ಲಿ ಕೂದಲಿನಷ್ಟು ಸಂದಿ. ಯಾಕೆ ಕೂಡುವುದಿಲ್ಲ ಹೇಳಿ ಎನ್ನುತ್ತೇನೆ. ಮಕ್ಕಳು ಬಗ್ಗಿ ನೋಡುತ್ತಾರೆ, ಪಿಸುಗುಡುತ್ತಾರೆ. ಕೊನೆಗೆ ಯಾರೋ ಒಬ್ಬರು ಧೈರ್ಯ ಮಾಡುತ್ತಾರೆ.

"ಇದು ಎಲ್ಲ್ಯರ ಬಿದ್ದಿರಬೇಕರಿ ಮೇಡಂ."

"ಹೌದು, ಬಿದ್ದದ."

"ಯಾರ ಕೈಯಾಗರಿ?"

"ನನ್ನ ಕೈಯಾಗ" ಎನ್ನುತ್ತೇನೆ.